ಗಡಿಗಸ್ತಿನಿಂದ ಮಾರ್ಷಲ್ ಪದವಿಗೆ: ಅರ್ಜನ್ ಸಿಂಗ್ ಮತ್ತು ಭಾರತೀಯ ವಾಯುಪಡೆ

ಭಾರತೀಯ ವಾಯುಪಡೆಯಲ್ಲಿ ಐದು ನಕ್ಷತ್ರಗಳ ದರ್ಜೆಗೇರಿದ ಅಧಿಕಾರಿ ಇದುವರೆಗೆ ಅರ್ಜನ್ ಸಿಂಗ್ (1919–2017) ಒಬ್ಬರೇ. 1965ರ ಭಾರತ–ಪಾಕಿಸ್ತಾನ ಯುದ್ಧದಲ್ಲಿ ವಾಯುಪಡೆಯ ಮುಖ್ಯಸ್ಥರಾಗಿದ್ದುದರಿಂದಲೇ ಅವರ ಹೆಸರು ಜನರ ನೆನಪಿನಲ್ಲಿ ಉಳಿದಿದೆ. ಆದರೆ 1939ರಿಂದ 1969ರವರೆಗಿನ ಅವರ ಮೂರು ದಶಕಗಳ ಸೇವೆಯನ್ನು ಒಟ್ಟಾಗಿ ಪರಿಶೀಲಿಸಿದರೆ, ಅದು ಒಬ್ಬ ವ್ಯಕ್ತಿಯ ಸಾಧನೆಯ ಕಥೆಗಿಂತ ಹೆಚ್ಚಾಗಿ ಒಂದು ಸಂಸ್ಥೆಯ ಬೆಳವಣಿಗೆಯ ಕಥೆಯಾಗಿ ಕಾಣುತ್ತದೆ. ಬ್ರಿಟಿಷ್ ಆಳ್ವಿಕೆಯಲ್ಲಿ ಭೂಸೇನೆಯ ನೆರವಿಗೆಂದು ಹುಟ್ಟಿದ ಪುಟ್ಟ ದಳವೊಂದು, ತನ್ನದೇ ಆದ ಯುದ್ಧಗುರಿ, ದರ್ಜೆ ಮತ್ತು ಘನತೆಯುಳ್ಳ ಸ್ವತಂತ್ರ ಪಡೆಯಾಗಿ ಬೆಳೆದ ಹಾದಿಯ ಪ್ರತಿ ಘಟ್ಟದಲ್ಲಿಯೂ ಅವರು ಇದ್ದರು. ಹುಟ್ಟಿನಿಂದ ಬಂದ ಆ ನೆರವಿನ ಪರಂಪರೆ ಅವರ ಬಲವಾಗಿ ಹೇಗೆ ಕೆಲಸ ಮಾಡಿತೋ, ಅವರ ಕಾಲದ ವಾಯುಪಡೆಯ ಮಿತಿಯಾಗಿಯೂ ಹಾಗೆಯೇ ಕೆಲಸ ಮಾಡಿತು.

ನೆರವಿನ ದಳವಾಗಿ ಹುಟ್ಟಿದ ವಾಯುಪಡೆ

ಮೊದಲನೆಯ ಮಹಾಯುದ್ಧದ ನಂತರ ಸೇನೆಯ ಅಧಿಕಾರಿ ವರ್ಗದಲ್ಲಿ ಭಾರತೀಯರಿಗೆ ಸ್ಥಾನ ಸಿಗಬೇಕೆಂಬ ಒತ್ತಾಯ ಬಲಗೊಂಡಾಗ, ಅದನ್ನು ಪರಿಶೀಲಿಸಲು ನೇಮಕಗೊಂಡ ಸ್ಕೀನ್ ಸಮಿತಿಯು ವಾಯುಸೇವೆಗೂ ಭಾರತೀಯರನ್ನು ಸೇರಿಸಿಕೊಳ್ಳಬೇಕೆಂದು ಶಿಫಾರಸು ಮಾಡಿತು. ಅದರ ಫಲವಾಗಿ 1930ರಲ್ಲಿ ಭಾರತೀಯ ತರುಣರ ಮೊದಲ ತಂಡ ಇಂಗ್ಲೆಂಡಿನ ಕ್ರಾನ್‌ವೆಲ್‌ನಲ್ಲಿದ್ದ ರಾಯಲ್ ಏರ್ ಫೋರ್ಸ್ ಕಾಲೇಜಿಗೆ ತರಬೇತಿಗೆ ಹೋಯಿತು. ಮುಂದೆ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದ ಸುಬ್ರತೊ ಮುಖರ್ಜಿ ಆ ತಂಡದಲ್ಲಿದ್ದರು. 1932ರ ಅಕ್ಟೋಬರ್ 8ರಂದು ಭಾರತೀಯ ವಾಯುಪಡೆ ಕಾನೂನಿನ ಪ್ರಕಾರ ಅಸ್ತಿತ್ವಕ್ಕೆ ಬಂದಿತು. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್ ನೆಲೆಯಲ್ಲಿ ನಾಲ್ಕು ವಪಿಟಿ ವಿಮಾನಗಳೊಂದಿಗೆ ಒಂದನೇ ಸ್ಕ್ವಾಡ್ರನ್ ಆರಂಭವಾಯಿತು. ಸ್ಕ್ವಾಡ್ರನ್ ಎಂಬುದು ವಾಯುಪಡೆಯ ಮೂಲ ಯುದ್ಧಘಟಕ. ಪೂರ್ಣ ಬಲದಲ್ಲಿ ಅದರ ಬಳಿ ಸಾಮಾನ್ಯವಾಗಿ ಹದಿನೈದರ ಆಸುಪಾಸಿನ ವಿಮಾನಗಳೂ ಅವುಗಳ ಪೈಲಟ್‌ಗಳೂ ದುರಸ್ತಿ ಸಿಬ್ಬಂದಿಯೂ ಇರುತ್ತಾರೆ. ಅಂದಿನ ಕೆಳಹಂತದ ಸಿಬ್ಬಂದಿಗೆ ‘ಹವಾಯಿ ಸಿಪಾಯಿ’ ಎಂಬ ಹೆಸರಿತ್ತು.

ಈ ಘಟಕಕ್ಕೆ ವಹಿಸಿದ ಕೆಲಸವನ್ನು ಅಂದಿನ ಸೇನಾ ಪರಿಭಾಷೆಯಲ್ಲಿ ‘ಆರ್ಮಿ ಕೋಆಪರೇಷನ್’ ಎಂದು ಕರೆಯಲಾಗುತ್ತಿತ್ತು. ನೆಲದ ಮೇಲೆ ಸಾಗುವ ತುಕಡಿಗಳಿಗೆ ಮುಂದಿನ ದಾರಿಯ ಸುದ್ದಿ ತಿಳಿಸುವುದು, ಶತ್ರುವಿನ ನೆಲೆಯನ್ನು ಗುರುತಿಸುವುದು, ಫಿರಂಗಿಯ ಗುಂಡು ಎಲ್ಲಿ ಬೀಳುತ್ತಿದೆಯೆಂದು ಮೇಲಿನಿಂದ ನೋಡಿ ತಿದ್ದುವುದು, ಅಗತ್ಯ ಬಿದ್ದಲ್ಲಿ ಸಣ್ಣ ಬಾಂಬುಗಳನ್ನು ಹಾಕುವುದು ಅದರ ವ್ಯಾಪ್ತಿಯಲ್ಲಿದ್ದವು. ಆಕಾಶದಲ್ಲಿ ಶತ್ರು ವಿಮಾನಗಳೊಂದಿಗೆ ಕಾದಾಡಿ ಮೇಲುಗೈ ಪಡೆಯುವ ಕೆಲಸಕ್ಕಾಗಲಿ, ಶತ್ರುದೇಶದ ಒಳಭಾಗಕ್ಕೆ ಹೋಗಿ ಹೊಡೆಯುವ ಕೆಲಸಕ್ಕಾಗಲಿ ಈ ಪಡೆಯನ್ನು ಕಟ್ಟಿರಲಿಲ್ಲ. ವಾಯವ್ಯ ಗಡಿಯ ಬುಡಕಟ್ಟುಗಳ ಬಂಡಾಯವನ್ನು ಹತ್ತಿಕ್ಕುವುದರಲ್ಲಿ ಭೂಸೇನೆಗೆ ಕಣ್ಣಾಗಿ ಇದ್ದರೆ ಸಾಕೆಂಬುದು ವಸಾಹತು ಸರ್ಕಾರದ ಲೆಕ್ಕಾಚಾರವಾಗಿತ್ತು.

ಲಯಲ್‌ಪುರದಿಂದ ಕ್ರಾನ್‌ವೆಲ್‌ಗೆ

ಅರ್ಜನ್ ಸಿಂಗ್ 1919ರ ಏಪ್ರಿಲ್ 15ರಂದು ಅವಿಭಜಿತ ಪಂಜಾಬಿನ ಲಯಲ್‌ಪುರದಲ್ಲಿ, ಅಂದರೆ ಇಂದಿನ ಪಾಕಿಸ್ತಾನದ ಫೈಸಲಾಬಾದಿನಲ್ಲಿ, ಜನಿಸಿದರು. ಅವರ ಮನೆತನದ ಹಿಂದಿನ ತಲೆಮಾರುಗಳವರು ಬ್ರಿಟಿಷ್ ಭಾರತದ ಅಶ್ವದಳದಲ್ಲಿ ಸೇವೆ ಸಲ್ಲಿಸಿದವರು. ಪಂಜಾಬಿನ ಸಿಖ್ ರೈತ ಕುಟುಂಬಗಳಲ್ಲಿ ಸೈನ್ಯಸೇವೆಯು ಜೀವನೋಪಾಯವೂ ಸಾಮಾಜಿಕ ಗೌರವವೂ ಆಗಿದ್ದ ಕಾಲವದು. ಮಾಂಟ್‌ಗೊಮರಿಯಲ್ಲಿ ಶಾಲಾಶಿಕ್ಷಣ ಮುಗಿಸಿ ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ಓದುತ್ತಿದ್ದಾಗ, 1938ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಕ್ರಾನ್‌ವೆಲ್‌ಗೆ ಆಯ್ಕೆಯಾದರು. ಹಿಂದಿನ ತಲೆಮಾರು ಕುದುರೆಯ ಮೇಲೆ ಕುಳಿತು, ರಾಜನ ನೇಮಕಪತ್ರವಿಲ್ಲದ ದರ್ಜೆಗಳಲ್ಲಿ ಮಾಡಿದ ಸೇವೆಯನ್ನು ಮುಂದಿನ ತಲೆಮಾರು ವಿಮಾನದಲ್ಲಿ, ರಾಜನಿಂದ ನೇಮಕಪತ್ರ ಪಡೆದ ಅಧಿಕಾರಿಯಾಗಿ ಮುಂದುವರಿಸಿದ್ದರಲ್ಲಿ ಎರಡು ಯುದ್ಧಗಳ ನಡುವಣ ಭಾರತದ ರಾಜಕೀಯ ಬದಲಾವಣೆಯೂ ಅಡಗಿದೆ.

ಎರಡನೆಯ ಮಹಾಯುದ್ಧ ಆರಂಭವಾದದ್ದರಿಂದ ಕ್ರಾನ್‌ವೆಲ್‌ನ ತರಬೇತಿ ಬೇಗನೆ ಮುಗಿದು, 1939ರ ಡಿಸೆಂಬರಿನಲ್ಲಿ ಅರ್ಜನ್ ಸಿಂಗ್ ‘ಪೈಲಟ್ ಆಫೀಸರ್’ ಆಗಿ ನೇಮಕಗೊಂಡರು. ಅಂದಿನ ವಾಯುಪಡೆಯ ಅಧಿಕಾರಿ ದರ್ಜೆಗಳಲ್ಲಿ ಇದು ಮೊದಲ ಮೆಟ್ಟಿಲಾಗಿತ್ತು. ಇದರ ಮೇಲೆ ಕ್ರಮವಾಗಿ ಫ್ಲೈಯಿಂಗ್ ಆಫೀಸರ್, ಫ್ಲೈಟ್ ಲೆಫ್ಟಿನೆಂಟ್, ಸ್ಕ್ವಾಡ್ರನ್ ಲೀಡರ್, ವಿಂಗ್ ಕಮಾಂಡರ್, ಗ್ರೂಪ್ ಕ್ಯಾಪ್ಟನ್, ಏರ್ ಕಮೋಡೋರ್, ಏರ್ ವೈಸ್ ಮಾರ್ಷಲ್, ಏರ್ ಮಾರ್ಷಲ್ ಮತ್ತು ಏರ್ ಚೀಫ್ ಮಾರ್ಷಲ್ ದರ್ಜೆಗಳಿವೆ. ಭಾರತಕ್ಕೆ ಮರಳಿದ ಅವರನ್ನು ವಾಯವ್ಯ ಗಡಿಯಲ್ಲಿದ್ದ ಒಂದನೇ ಸ್ಕ್ವಾಡ್ರನ್ನಿಗೆ ನಿಯೋಜಿಸಲಾಯಿತು.

ವಜೀರಿಸ್ತಾನದ ಬೆಟ್ಟಗಳ ಮೇಲಿನ ಹಾರಾಟ ಆ ಪೀಳಿಗೆಯ ಭಾರತೀಯ ಪೈಲಟ್‌ಗಳೆಲ್ಲರಿಗೂ ಮೊದಲ ಪಾಠಶಾಲೆ. ಎರಡು ರೆಕ್ಕೆಯಂತಸ್ತುಗಳ, ಮೇಲುಗಡೆ ಮುಚ್ಚಳವಿಲ್ಲದ, ಮುಂದೆ ಪೈಲಟ್ ಹಾಗೂ ಹಿಂದೆ ಬಂದೂಕುಗಾರ ಕೂರುವ ವಿಮಾನಗಳು ಕಣಿವೆಗಳ ನಡುವೆ ನಿಧಾನವಾಗಿ ಸಾಗುವಾಗ, ಬೆಟ್ಟದ ನೆತ್ತಿಯಲ್ಲಿ ನಿಂತ ಬುಡಕಟ್ಟಿನ ಬಂದೂಕುಗಾರರಿಗೆ ಅವು ಕೆಲವೊಮ್ಮೆ ತಮಗಿಂತ ಕೆಳಗೇ ಕಾಣಸಿಗುತ್ತಿದ್ದವು. ಅಂಥದೊಂದು ಹಾರಾಟದಲ್ಲಿ ಅರ್ಜನ್ ಸಿಂಗ್ ಅವರ ವಿಮಾನ ನೆಲದಿಂದ ಬಂದ ಗುಂಡೇಟಿಗೆ ಸಿಕ್ಕಿ ಕೆಳಗಿಳಿಯಬೇಕಾಯಿತು. ಅವರೂ ಅವರ ಬಂದೂಕುಗಾರರೂ ಜೀವಸಹಿತ ಪಾರಾದರು. ಆಕಾಶದ ಎದುರಾಳಿಯೇ ಇಲ್ಲದ ಈ ಕದನಗಳು ನೆಲದ ಗುರುತುಗಳನ್ನು ಓದುವುದನ್ನೂ, ಕೆಳಮಟ್ಟದಲ್ಲಿ ಹಾರುವುದನ್ನೂ, ಭೂಸೇನೆಯ ಅಧಿಕಾರಿಗಳ ಅಗತ್ಯವೇನೆಂದು ಅರಿಯುವುದನ್ನೂ ಅವರಿಗೆ ಕಲಿಸಿದವು.

ಇಂಫಾಲದ ಮುತ್ತಿಗೆ

ಜಪಾನಿನ ಸೇನೆ ಬರ್ಮಾವನ್ನು ಗೆದ್ದು ಭಾರತದ ಪೂರ್ವಗಡಿಯತ್ತ ಮುನ್ನುಗ್ಗುತ್ತಿದ್ದಾಗ ಭಾರತೀಯ ವಾಯುಪಡೆ ಮೊದಲ ಬಾರಿಗೆ ಆಧುನಿಕ ಶತ್ರುವನ್ನು ಎದುರಿಸಿತು. ಒಂದನೇ ಸ್ಕ್ವಾಡ್ರನ್ನಿಗೆ ಹಳೆಯ ವಿಮಾನಗಳ ಬದಲಿಗೆ ಒಂದೇ ಆಸನದ ಹರಿಕೇನ್ ಯುದ್ಧವಿಮಾನಗಳು ಬಂದವು. 1943ರ ಸೆಪ್ಟೆಂಬರಿನಲ್ಲಿ ಇಪ್ಪತ್ತನಾಲ್ಕು ವರ್ಷದ ಅರ್ಜನ್ ಸಿಂಗ್ ಸ್ಕ್ವಾಡ್ರನ್ ಲೀಡರ್ ದರ್ಜೆಯಲ್ಲಿ ಅದರ ನಾಯಕತ್ವ ವಹಿಸಿಕೊಂಡರು. 1944ರ ಫೆಬ್ರವರಿಯಲ್ಲಿ ಸ್ಕ್ವಾಡ್ರನ್ ಮಣಿಪುರದ ಇಂಫಾಲಕ್ಕೆ ಬಂದಿಳಿಯಿತು. ಮುಂದಿನ ತಿಂಗಳೇ ಜಪಾನಿನ ಹದಿನೈದನೇ ಸೇನೆ ಚಿಂದ್ವಿನ್ ನದಿಯನ್ನು ದಾಟಿ ಇಂಫಾಲ ಮತ್ತು ಕೊಹಿಮಾಗಳ ಮೇಲೆ ದಾಳಿ ಆರಂಭಿಸಿತು.

ಇಂಫಾಲದ ಸುತ್ತಲಿನ ರಸ್ತೆ ಕಡಿದುಹೋಗಿ, ಬಟ್ಟಲಿನಂಥ ಆ ಕಣಿವೆಯೊಳಗೆ ಲಕ್ಷಕ್ಕೂ ಹೆಚ್ಚು ಸೈನಿಕರು ಸಿಲುಕಿಕೊಂಡಾಗ, ಅನ್ನ, ಮದ್ದುಗುಂಡು, ಇಂಧನ, ಔಷಧಗಳೆಲ್ಲವೂ ವಿಮಾನಗಳ ಮೂಲಕವೇ ಬರಬೇಕಾಯಿತು. ಗಾಯಾಳುಗಳೂ ವಿಮಾನಗಳಲ್ಲೇ ಹೊರಹೋಗಬೇಕಾಯಿತು. ಈ ಸ್ಥಿತಿಯಲ್ಲಿ ಒಂದನೇ ಸ್ಕ್ವಾಡ್ರನ್ನಿನ ಕೆಲಸ ‘ಟ್ಯಾಕ್ಟಿಕಲ್ ರೆಕಾನಸನ್ಸ್’, ಅಂದರೆ ಕದನಭೂಮಿಯ ಸನಿಹದಲ್ಲಿ ಶತ್ರುವಿನ ಚಲನವಲನವನ್ನು ಪತ್ತೆಹಚ್ಚುವ ವೀಕ್ಷಣೆ. ಎರಡೆರಡು ಹರಿಕೇನ್‌ಗಳು ಜೊತೆಯಾಗಿ ಹಾರುತ್ತಿದ್ದವು. ಮುಂದಿನ ವಿಮಾನದ ಪೈಲಟ್ ಕಾಡಿನ ನಡುವಣ ಜಾಡು, ಕಾಲುಸೇತುವೆ, ಹೊಗೆ, ಮರೆಮಾಡಿದ ವಾಹನಗಳನ್ನು ಹುಡುಕುತ್ತಿದ್ದರೆ, ಹಿಂದಿನವನು ಶತ್ರು ವಿಮಾನಗಳು ಎರಗದಂತೆ ಆಕಾಶವನ್ನು ಕಾಯುತ್ತಿದ್ದ. ಕಂಡದ್ದನ್ನು ಮರಳಿ ಬಂದು ವರದಿ ಮಾಡುವುದರ ಜೊತೆಗೆ, ಸಿಕ್ಕ ಗುರಿಗಳ ಮೇಲೆ ಅಲ್ಲಿಯೇ ಗುಂಡು ಹಾರಿಸುವುದೂ ನಡೆಯುತ್ತಿತ್ತು. ವಾಯುನೆಲೆಯೇ ಶತ್ರುವಿನ ಕಾಲಾಳುಗಳ ಹತ್ತಿರದಲ್ಲಿದ್ದುದರಿಂದ, ಪೈಲಟ್‌ಗಳೂ ಸಿಬ್ಬಂದಿಯೂ ಮುತ್ತಿಗೆಯ ಒಳಗಿದ್ದುಕೊಂಡೇ ಯುದ್ಧ ಮಾಡಬೇಕಾಯಿತು.

1944ರ ಜೂನ್ 22ರಂದು ಕೊಹಿಮಾದ ಕಡೆಯಿಂದ ಬಂದ ಸೇನೆ ರಸ್ತೆಯನ್ನು ತೆರವುಗೊಳಿಸಿದಾಗ ಇಂಫಾಲದ ಮುತ್ತಿಗೆ ಮುರಿಯಿತು. ಅದೇ ತಿಂಗಳು ಆಗ್ನೇಯ ಏಷ್ಯಾ ಕಮಾಂಡಿನ ಸರ್ವೋಚ್ಚ ದಂಡನಾಯಕ ಲಾರ್ಡ್ ಮೌಂಟ್‌ಬ್ಯಾಟನ್ ಇಂಫಾಲಕ್ಕೆ ಬಂದು, ಅರ್ಜನ್ ಸಿಂಗ್ ಅವರಿಗೆ ‘ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್’ ಪದಕವನ್ನು ಸ್ವತಃ ತೊಡಿಸಿದರು. ಶತ್ರುವಿನ ಎದುರು ಹಾರಾಟದಲ್ಲಿ ತೋರಿದ ಶೌರ್ಯಕ್ಕೆ ಸಲ್ಲುವ ಪದಕವಿದು. ಆದರೂ ಅದು ಆಕಾಶದ ಕಾದಾಟಗಳಲ್ಲಿ ಉರುಳಿಸಿದ ವಿಮಾನಗಳ ಲೆಕ್ಕಕ್ಕೆ ಬಂದುದಲ್ಲ. ಅಡಗಿಕೊಂಡ ಶತ್ರುವನ್ನು ಹುಡುಕುವ ಅಪಾಯದ ಕೆಲಸವನ್ನು ಇಡೀ ಸ್ಕ್ವಾಡ್ರನ್ನಿನಿಂದ ಬಿಡುವಿಲ್ಲದೆ ಮಾಡಿಸಿದ ನಾಯಕತ್ವಕ್ಕೆ ಬಂದುದು. ಯುದ್ಧವಿಮಾನದ ಪೈಲಟ್ ಎಂಬ ಹೆಸರಿನ ಹಿಂದೆ ಅವರಲ್ಲಿದ್ದ ನಿಜವಾದ ಪರಿಣತಿ ಇದೇ ಆಗಿತ್ತು.

ಮುಂಚೂಣಿಯಿಂದ ಮರಳಿದ ಮೇಲೆ 1945ರಲ್ಲಿ ಅವರಿಗೆ ವಾಯುಪಡೆಯ ಪ್ರದರ್ಶನ ತಂಡದ ನಾಯಕತ್ವ ಸಿಕ್ಕಿತು. ಅದೇ ವರ್ಷ ಕಣ್ಣೂರಿನ ಜನವಸತಿಯ ಮೇಲೆ ನಿಯಮ ಮೀರಿ ಕೆಳಮಟ್ಟದಲ್ಲಿ ವಿಮಾನ ಹಾರಿಸಿದರೆಂಬ ಆರೋಪದ ಮೇಲೆ ಅವರು ಸೇನಾ ನ್ಯಾಯಾಲಯದ ವಿಚಾರಣೆಯನ್ನೂ ಎದುರಿಸಿದರು. ತರಬೇತಿಯಲ್ಲಿದ್ದ ಒಬ್ಬ ಪೈಲಟ್‌ನ ಧೈರ್ಯ ಹೆಚ್ಚಿಸಲು ಹಾಗೆ ಮಾಡಿದುದಾಗಿ ಅವರು ಸಮರ್ಥಿಸಿಕೊಂಡರು. ಈ ಪ್ರಕರಣ ಅವರ ಮುಂದಿನ ಬಡ್ತಿಗಳಿಗೆ ಅಡ್ಡಿಯಾಗಲಿಲ್ಲ.

ವಿಭಜನೆ ಮತ್ತು ಸ್ವತಂತ್ರ ಪಡೆಯ ನಿರ್ಮಾಣ

1947ರ ಆಗಸ್ಟ್ 15ರಂದು ದೆಹಲಿಯ ಕೆಂಪುಕೋಟೆಯ ಮೇಲೆ ನೂರಕ್ಕೂ ಹೆಚ್ಚು ವಿಮಾನಗಳು ಸಾಲಾಗಿ ಹಾರಿದಾಗ, ಆ ಹಾರಾಟವನ್ನು ಮುನ್ನಡೆಸಿದ ಗೌರವ ಅರ್ಜನ್ ಸಿಂಗ್ ಅವರದಾಯಿತು. ಆದರೆ ಅದೇ ದಿನಗಳಲ್ಲಿ ವಾಯುಪಡೆಯು ಎರಡು ದೇಶಗಳ ನಡುವೆ ಹಂಚಿಹೋಗುತ್ತಿತ್ತು. ಪೇಶಾವರ, ಕೊಹಾಟ್, ಮೀರಾನ್‌ಶಾ, ಕರಾಚಿಗಳಂಥ ಹಳೆಯ ನೆಲೆಗಳೆಲ್ಲ ಪಾಕಿಸ್ತಾನಕ್ಕೆ ಸೇರಿದವು. ಅವರು ಮುನ್ನಡೆಸಿದ್ದ ಒಂದನೇ ಸ್ಕ್ವಾಡ್ರನ್ನಿನ ವಿಮಾನ ಮತ್ತು ಸಲಕರಣೆಗಳೂ ಪಾಕಿಸ್ತಾನದ ಪಾಲಿಗೆ ಹೋದುದರಿಂದ, ಭಾರತದಲ್ಲಿ ಅದನ್ನು 1953ರಲ್ಲಿ ಹೊಸದಾಗಿ ಕಟ್ಟಬೇಕಾಯಿತು. ಕ್ರಾನ್‌ವೆಲ್‌ನಲ್ಲಿಯೂ ಬರ್ಮಾದಲ್ಲಿಯೂ ಒಟ್ಟಿಗಿದ್ದ ಅಧಿಕಾರಿಗಳು ಎರಡು ಪಡೆಗಳಾಗಿ ಬೇರೆಯಾದರು. ಅರ್ಜನ್ ಸಿಂಗ್ ಅವರ ಹುಟ್ಟೂರು ಪರದೇಶದ ಊರಾಯಿತು.

ಗ್ರೂಪ್ ಕ್ಯಾಪ್ಟನ್ ದರ್ಜೆಯಲ್ಲಿ ಅವರು ಅಂಬಾಲಾ ವಾಯುನೆಲೆಯ ಅಧಿಪತ್ಯ ವಹಿಸಿದರು. ಸ್ವತಂತ್ರ ಭಾರತದ ವಾಯುಪಡೆಯ ಮೊದಲ ಮುಖ್ಯಸ್ಥರಾದ ಬ್ರಿಟಿಷ್ ಅಧಿಕಾರಿ ಥಾಮಸ್ ಎಲ್ಮ್‌ಹರ್ಸ್ಟ್, ವಾಯುಪಡೆ ಭೂಸೇನಾಧಿಪತಿಯ ಅಧೀನದಲ್ಲಿರದೆ ಸರ್ಕಾರಕ್ಕೆ ನೇರವಾಗಿ ಉತ್ತರ ಕೊಡುವ ಪಡೆಯಾಗಿರಬೇಕೆಂದು ಪಟ್ಟುಹಿಡಿದಿದ್ದರು. ಆ ಸ್ವಾತಂತ್ರ್ಯಕ್ಕೆ ತಕ್ಕ ಆಡಳಿತ ರಚನೆಯನ್ನು ತುಂಬುವುದು ಮೂವತ್ತರ ಆಸುಪಾಸಿನ ಭಾರತೀಯ ಅಧಿಕಾರಿಗಳ ಹೊಣೆಯಾಯಿತು. 1949ರಲ್ಲಿ ಏರ್ ಕಮೋಡೋರ್ ಆದ ಅರ್ಜನ್ ಸಿಂಗ್, ಯುದ್ಧ ಸ್ಕ್ವಾಡ್ರನ್ನುಗಳೆಲ್ಲ ಒಳಪಟ್ಟಿದ್ದ ‘ಆಪರೇಷನಲ್ ಕಮಾಂಡ್’ನ ಮುಖ್ಯಸ್ಥರಾದರು, ಮುಂದೆ ಪಶ್ಚಿಮ ವಾಯು ಕಮಾಂಡ್ ಆಗಿ ರೂಪುಗೊಂಡದ್ದು ಇದೇ ಕಮಾಂಡ್. 1949ರಿಂದ 1952ರವರೆಗೆ ಒಮ್ಮೆ, 1957ರಿಂದ 1961ರವರೆಗೆ ಮತ್ತೊಮ್ಮೆ ಅವರು ಈ ಸ್ಥಾನದಲ್ಲಿದ್ದರು.

ಈ ಎರಡು ಅವಧಿಗಳ ನಡುವೆ ವಾಯುಪಡೆಯ ಯಂತ್ರಬಲವೇ ಬದಲಾಯಿತು. 1948ರಲ್ಲಿ ಬ್ರಿಟನ್ನಿನ ವ್ಯಾಂಪೈರ್ ಜೆಟ್ ವಿಮಾನಗಳು ಬಂದವು. ಅವು ಮುಂದೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿಯೂ ತಯಾರಾದವು. ನಂತರ ಫ್ರಾನ್ಸಿನ ತೂಫಾನಿ ಮತ್ತು ಮಿಸ್ಟೇರ್, ಬ್ರಿಟನ್ನಿನ ಹಂಟರ್, ಕ್ಯಾನ್‌ಬೆರಾ ಬಾಂಬರ್ ಮತ್ತು ಪುಟ್ಟ ಗಾತ್ರದ ನ್ಯಾಟ್ ಸೇರ್ಪಡೆಯಾದವು. ಒಂದೇ ದಶಕದಲ್ಲಿ ಇಷ್ಟು ಬಗೆಯ ವಿಮಾನಗಳನ್ನು ಬರಮಾಡಿಕೊಳ್ಳುವುದೆಂದರೆ ಪ್ರತಿಯೊಂದಕ್ಕೂ ಬೇರೆ ಬಿಡಿಭಾಗ, ಬೇರೆ ತರಬೇತಿ, ಉದ್ದನೆಯ ಓಡುದಾರಿ, ಹೊಸ ರೇಡಾರ್ ವ್ಯವಸ್ಥೆ ಬೇಕಾಗುತ್ತದೆ. ಹೊಸ ಬಗೆಗಳನ್ನು ಸ್ವತಃ ಹಾರಿಸಿ ನೋಡುವ ರೂಢಿಯನ್ನು ಅರ್ಜನ್ ಸಿಂಗ್ ಹಿರಿಯ ದರ್ಜೆಗಳಲ್ಲಿಯೂ ಬಿಡಲಿಲ್ಲ. ಸೇವಾವಧಿಯಲ್ಲಿ ಅವರು ಅರವತ್ತಕ್ಕೂ ಹೆಚ್ಚು ಬಗೆಯ ವಿಮಾನಗಳನ್ನು ಹಾರಿಸಿದ್ದರು, ಪಡೆಯ ಮುಖ್ಯಸ್ಥರಾದ ಮೇಲೂ ಹಾರಾಟದ ಅರ್ಹತೆಯನ್ನು ಉಳಿಸಿಕೊಂಡಿದ್ದರು.

1962ರ ಚೀನಾ ಯುದ್ಧದಲ್ಲಿ ಸರ್ಕಾರ ಸಾಗಣೆ ವಿಮಾನ ಮತ್ತು ಹೆಲಿಕಾಪ್ಟರ್‌ಗಳನ್ನು ಮಾತ್ರ ಬಳಸಿ, ಯುದ್ಧವಿಮಾನಗಳನ್ನು ದಾಳಿಗೆ ಬಳಸದೇ ಉಳಿಸಿತು. ಯುದ್ಧದ ಕೊನೆಯ ಹೊತ್ತಿಗೆ ಅರ್ಜನ್ ಸಿಂಗ್ ಉಪಮುಖ್ಯಸ್ಥರ ಸಾಲಿಗೆ ಬಂದರು; 1963ರ ನವೆಂಬರಿನಲ್ಲಿ ಅಮೆರಿಕ ಮತ್ತು ಬ್ರಿಟನ್ ಮೊದಲಾದ ದೇಶಗಳ ವಾಯುಪಡೆಗಳೊಂದಿಗೆ ನಡೆದ ‘ಶಿಕ್ಷಾ’ ಎಂಬ ಜಂಟಿ ಸಮರಾಭ್ಯಾಸದ ಒಟ್ಟು ಹೊಣೆ ಅವರದಾಗಿತ್ತು. ವಾಯುಪಡೆಯನ್ನು 45 ಸ್ಕ್ವಾಡ್ರನ್ನುಗಳಿಗೆ ವಿಸ್ತರಿಸುವ ಯೋಜನೆ ಆ ಕಾಲದ್ದು. 1964ರ ಆಗಸ್ಟ್ 1ರಂದು, ಆಗಿನ ಮುಖ್ಯಸ್ಥ ಆಸ್ಪಿ ಇಂಜಿನಿಯರ್ ಅವರ ನಿವೃತ್ತಿಯ ನಂತರ, ನಲವತ್ತೈದನೆಯ ವಯಸ್ಸಿನಲ್ಲಿ ಅವರು ಏರ್ ಮಾರ್ಷಲ್ ದರ್ಜೆಯಲ್ಲಿ ವಾಯುಪಡೆಯ ಮುಖ್ಯಸ್ಥರಾದರು. ಕೈಗೆ ಸಿಕ್ಕಿದ್ದು ವೇಗವಾಗಿ ಹಿಗ್ಗುತ್ತಿದ್ದ, ಆದರೆ ಪೂರ್ತಿ ಹದಗೊಳ್ಳದ ಪಡೆ. ಧ್ವನಿಗಿಂತ ವೇಗವಾಗಿ ಹಾರುವ ಮಿಗ್-21 ವಿಮಾನಗಳು ಆಗಿನ್ನೂ ಬೆರಳೆಣಿಕೆಯಷ್ಟಿದ್ದವು.

1965ರ ಪರೀಕ್ಷೆ

1965ರ ಏಪ್ರಿಲಿನಲ್ಲಿ ಕಚ್ಛದ ರಣದಲ್ಲಿ ಘರ್ಷಣೆ ಆರಂಭವಾದಾಗ, ಪಾಕಿಸ್ತಾನದ ವಾಯುಪಡೆಯ ಮುಖ್ಯಸ್ಥ ಅಸ್ಗರ್ ಖಾನ್ ದೂರವಾಣಿಯಲ್ಲಿ ಅರ್ಜನ್ ಸಿಂಗ್ ಅವರನ್ನು ಸಂಪರ್ಕಿಸಿ, ಎರಡೂ ಕಡೆಯವರು ಈ ಸಂಘರ್ಷಕ್ಕೆ ವಾಯುಪಡೆಯನ್ನು ಎಳೆತರಬಾರದೆಂಬ ತಿಳಿವಳಿಕೆಗೆ ಬಂದರು. ವಿಭಜನೆಗೆ ಮುಂಚೆ ಒಂದೇ ಪಡೆಯಲ್ಲಿದ್ದ ಪರಿಚಯವೇ ಇಂಥ ಮಾತುಕತೆಯನ್ನು ಸಾಧ್ಯವಾಗಿಸಿತ್ತು. ಆದರೆ ಜುಲೈಯಲ್ಲಿ ಅಸ್ಗರ್ ಖಾನ್ ನಿವೃತ್ತರಾಗಿ ನೂರ್ ಖಾನ್ ಬಂದರು. ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಸೇನೆ ‘ಗ್ರ್ಯಾಂಡ್ ಸ್ಲ್ಯಾಮ್’ ಎಂಬ ಹೆಸರಿನಲ್ಲಿ ಜಮ್ಮುವಿನ ಛಂಬ್ ಪ್ರದೇಶದ ಮೇಲೆ ಟ್ಯಾಂಕುಗಳೊಂದಿಗೆ ನುಗ್ಗಿತು. ಅಖ್ನೂರಿನ ಸೇತುವೆ ಕೈತಪ್ಪಿದ್ದರೆ ಛಂಬ್‌ನಿಂದ ಪೂಂಛ್‌ವರೆಗಿನ ಭಾರತೀಯ ತುಕಡಿಗಳ ಸರಬರಾಜು ದಾರಿ ಕಡಿದುಹೋಗುವ ಅಪಾಯವಿತ್ತು.

ಅಂದು ಮಧ್ಯಾಹ್ನದ ನಂತರ ಭೂಸೇನೆಯ ಮುಖ್ಯಸ್ಥ ಜನರಲ್ ಜೆ.ಎನ್. ಚೌಧರಿ ವಾಯುಪಡೆಯ ನೆರವು ಕೇಳಿದಾಗ, ರಕ್ಷಣಾ ಸಚಿವ ವೈ.ಬಿ. ಚವಾಣ್ ಎಷ್ಟು ಹೊತ್ತಿನಲ್ಲಿ ವಿಮಾನಗಳನ್ನು ಕಳಿಸಬಹುದೆಂದು ಅರ್ಜನ್ ಸಿಂಗ್ ಅವರನ್ನು ಪ್ರಶ್ನಿಸಿದರು. ಒಂದು ಗಂಟೆಯೊಳಗೆ ಎಂದು ಅವರು ಉತ್ತರಿಸಿದರು. ಅಪ್ಪಣೆ ಸಿಕ್ಕಿ ಗಂಟೆ ತುಂಬುವ ಮೊದಲೇ ಪಠಾಣ್‌ಕೋಟ್‌ನಿಂದ ವಿಮಾನಗಳು ಮೇಲೇರಿದವು. ವ್ಯಾಂಪೈರ್ ಮತ್ತು ಮಿಸ್ಟೇರ್ ವಿಮಾನಗಳ ದಾಳಿ ಪಾಕಿಸ್ತಾನದ ಟ್ಯಾಂಕುಗಳ ನುಗ್ಗುವಿಕೆಗೆ ಪೆಟ್ಟುಕೊಟ್ಟು ಭಾರತದ ಪಡೆಗಳಿಗೆ ಸಮಯ ಒದಗಿಸಿತು. ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಕಾಲ ಮೀರಿದ ವ್ಯಾಂಪೈರ್‌ಗಳಲ್ಲಿ ನಾಲ್ಕು ಆ ಸಂಜೆಯೇ ನಷ್ಟವಾದವು. ನೆಲದ ತುಕಡಿಗಳೊಂದಿಗೆ ಸರಿಯಾದ ಸಂಪರ್ಕವಿಲ್ಲದೆ ಭಾರತದ ಕೆಲವು ತುಕಡಿಗಳೂ ಭಾರತದ ವಿಮಾನಗಳ ದಾಳಿಗೆ ತುತ್ತಾದವು. ವ್ಯಾಂಪೈರ್‌ಗಳನ್ನು ಕೂಡಲೇ ಮುಂಚೂಣಿಯಿಂದ ಹಿಂದೆಗೆದುಕೊಂಡು, ನ್ಯಾಟ್ ವಿಮಾನಗಳನ್ನು ಪಠಾಣ್‌ಕೋಟ್‌ಗೆ ಕರೆಸಲಾಯಿತು. ಸೆಪ್ಟೆಂಬರ್ 3ರಂದು ನ್ಯಾಟ್ ಹಾರಿಸುತ್ತಿದ್ದ ಟ್ರೆವರ್ ಕೀಲರ್ ಅವರಿಗೆ ಪಾಕಿಸ್ತಾನದ ಸೇಬರ್ ವಿಮಾನವೊಂದನ್ನು ಹೊಡೆದ ಶ್ರೇಯವನ್ನು ಭಾರತ ನೀಡಿತು. ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ಈ ವಿಮಾನಕ್ಕೆ ಅಲ್ಲಿಂದ ದೇಶದಾದ್ಯಂತ ಹೆಸರು ಬಂತು.

ಸೆಪ್ಟೆಂಬರ್ 6ರಂದು ಭಾರತದ ಭೂಸೇನೆ ಲಾಹೋರಿನ ದಿಕ್ಕಿನಲ್ಲಿ ಗಡಿ ದಾಟಿತು. ಯುದ್ಧ ವಿಸ್ತಾರಗೊಂಡ ಆ ದಿನವೇ ಶತ್ರುವಿನ ವಾಯುನೆಲೆಗಳ ಮೇಲೆ ಎರಗುವುದು ವಾಯುಯುದ್ಧದ ಸಾಮಾನ್ಯ ನಿಯಮ; ಶತ್ರು ವಿಮಾನಗಳನ್ನು ನೆಲದಲ್ಲಿಯೇ ನಾಶಗೊಳಿಸಿ ಆಕಾಶದ ಮೇಲುಗೈ ಪಡೆಯುವ ಇಂಥ ಕಾರ್ಯಾಚರಣೆಗೆ ‘ಕೌಂಟರ್ ಏರ್’ ಎಂದು ಹೆಸರು. ಭಾರತ ಅದನ್ನು ಅಂದು ಕೈಗೊಳ್ಳಲಿಲ್ಲ. ಸಂಜೆ ಪಾಕಿಸ್ತಾನದ ವಿಮಾನಗಳೇ ಮೊದಲು ಬಂದು ಪಠಾಣ್‌ಕೋಟ್‌ನಲ್ಲಿ ನಿಂತಿದ್ದ ಸುಮಾರು ಹತ್ತು ವಿಮಾನಗಳನ್ನು ನಾಶಮಾಡಿದವು. ಅವುಗಳಲ್ಲಿ ಅಮೂಲ್ಯವಾದ ಎರಡು ಮಿಗ್-21ಗಳೂ ಇದ್ದವು. ಹಲವಾರಾ ವಾಯುನೆಲೆಯ ಮೇಲೆ ಬಂದ ದಾಳಿಯನ್ನು ಮಾತ್ರ ಭಾರತದ ಹಂಟರ್‌ಗಳು ಎದುರಿಸಿ ನಿಂತವು. ಮರುದಿನ ಬೆಳಿಗ್ಗೆ ಢಾಕಾ ಕಡೆಯಿಂದ ಬಂದ ಸೇಬರ್‌ಗಳು ಬಂಗಾಳದ ಕಲೈಕುಂಡ ನೆಲೆಯ ಮೇಲೆ ಎರಗಿ ಇನ್ನಷ್ಟು ನಷ್ಟ ಮಾಡಿದವು.

ಸೆಪ್ಟೆಂಬರ್ 7ರ ಬೆಳಗ್ಗೆ ಭಾರತ ಪಾಕಿಸ್ತಾನದ ಮುಖ್ಯ ವಾಯುನೆಲೆಯಾದ ಸರ್ಗೋಧಾದ ಮೇಲೆ ದಾಳಿ ನಡೆಸಿತು. ಅದರಲ್ಲಿ ಪಾಲ್ಗೊಂಡ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್‌ಗಳಲ್ಲಿ ಒಂದನ್ನು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಹಾರಿಸುತ್ತಿದ್ದರು. ಮರಳುವ ಹಾದಿಯಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವೊಂದು ಬೆನ್ನಟ್ಟಿದಾಗ, ವೇಗದಲ್ಲಿಯೂ ಶಸ್ತ್ರದಲ್ಲಿಯೂ ಬಹಳ ಹಿಂದಿದ್ದ ತಮ್ಮ ವಿಮಾನವನ್ನೇ ತಿರುಗಿಸಿ ದೇವಯ್ಯ ಕಾದಾಡಿ, ಅದನ್ನು ಉರುಳಿಸಿ ತಾವೂ ಮಡಿದರು. ಅವರಿಗೇನಾಯಿತೆಂಬುದು ಭಾರತಕ್ಕೆ ವರ್ಷಗಟ್ಟಲೆ ತಿಳಿಯಲಿಲ್ಲ. ಪಾಕಿಸ್ತಾನದ ಕಡೆಯ ವೃತ್ತಾಂತವನ್ನು ಆಧರಿಸಿ ಬರೆದ ಪುಸ್ತಕವೊಂದು ಹೊರಬಂದ ಮೇಲೆ ವಿಷಯ ಬೆಳಕಿಗೆ ಬಂದು, 1988ರಲ್ಲಿ ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ಯುದ್ಧದ ಕೊನೆಯ ಹಂತದಲ್ಲಿ, ಸೆಪ್ಟೆಂಬರ್ 22ರಂದು, ಜನರಲ್ ಕೆ.ಎಂ. ಕಾರ್ಯಪ್ಪನವರ ಮಗ ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ ಹಾರಿಸುತ್ತಿದ್ದ ಹಂಟರ್ ನೆಲದ ಗುಂಡೇಟಿಗೆ ಉರುಳಿ ಅವರು ಯುದ್ಧಕೈದಿಯಾದರು. ಸೆಪ್ಟೆಂಬರ್ 23ರ ಬೆಳಗಿನ ಜಾವಕ್ಕೆ ಕದನವಿರಾಮ ಜಾರಿಗೆ ಬಂದಿತು.

ಈ ಯುದ್ಧದಲ್ಲಿ ಯಾರು ಎಷ್ಟು ವಿಮಾನಗಳನ್ನು ಉರುಳಿಸಿದರೆಂಬ ಲೆಕ್ಕದಲ್ಲಿ ಎರಡು ದೇಶಗಳ ಹೇಳಿಕೆಗಳು ಇಂದಿಗೂ ಹೊಂದುವುದಿಲ್ಲ. ಅದಕ್ಕಿಂತ ಮುಖ್ಯವಾದ ವಿಮರ್ಶೆಯನ್ನು ಅಂದು ವಾಯುಪಡೆಯ ಉಪಮುಖ್ಯಸ್ಥರಾಗಿದ್ದ ಪಿ.ಸಿ. ಲಾಲ್ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ: ಭೂಸೇನೆ ಮತ್ತು ವಾಯುಪಡೆಗಳ ನಡುವೆ ಜಂಟಿ ಯುದ್ಧಯೋಜನೆಯೇ ಇರಲಿಲ್ಲ. ಕರೆ ಬಂದಾಗ ಒಂದು ಗಂಟೆಯೊಳಗೆ ವಿಮಾನ ಕಳಿಸಬಲ್ಲ ಸನ್ನದ್ಧತೆ ವಾಯುಪಡೆಗಿತ್ತು. ಕರೆ ಬರುವ ಮೊದಲೇ ಒಟ್ಟಿಗೆ ಕೂತು ಯೋಜಿಸುವ ವ್ಯವಸ್ಥೆ ದೇಶದ ರಕ್ಷಣಾಡಳಿತದಲ್ಲಿ ಇರಲಿಲ್ಲ. ಸೆಪ್ಟೆಂಬರ್ 1ರ ತ್ವರಿತ ಸ್ಪಂದನವೂ, ಸೆಪ್ಟೆಂಬರ್ 6ರ ಹಿನ್ನಡೆಯೂ ಈ ಒಂದೇ ಕಾರಣದ ಎರಡು ಪರಿಣಾಮಗಳು. ಪೂರ್ವ ಪಾಕಿಸ್ತಾನದ ನೆಲೆಗಳ ಮೇಲೆ ದಾಳಿ ಮುಂದುವರಿಸದಂತೆ ಸರ್ಕಾರ ತಡೆದದ್ದರಿಂದ ಅಲ್ಲಿ ವಾಯುಪಡೆಯ ಕೈ ಕಟ್ಟಿತ್ತೆಂಬುದನ್ನೂ ಈ ಲೆಕ್ಕದಲ್ಲಿ ಸೇರಿಸಬೇಕು. ಇಷ್ಟಾದರೂ ಮೊದಲ ವಾರದ ನಷ್ಟಗಳಿಂದ ಧೃತಿಗೆಡದೆ, ಮುಂಚೂಣಿಯ ನೆಲೆಗಳನ್ನು ತಾವೇ ಸುತ್ತಿ, ಸ್ಕ್ವಾಡ್ರನ್ನುಗಳ ಉತ್ಸಾಹವನ್ನು ಯುದ್ಧದ ಕೊನೆಯವರೆಗೂ ಉಳಿಸಿಕೊಂಡದ್ದು ಅರ್ಜನ್ ಸಿಂಗ್ ಅವರ ನಾಯಕತ್ವದ ಫಲವೆಂಬುದನ್ನು ವಿಮರ್ಶಕರೂ ಒಪ್ಪುತ್ತಾರೆ.

ಯುದ್ಧದ ನಂತರ

1965ರಲ್ಲಿ ಅವರಿಗೆ ಪದ್ಮವಿಭೂಷಣ ಸಂದಿತು. 1966ರ ಜನವರಿಯಲ್ಲಿ ಸರ್ಕಾರ ವಾಯುಪಡೆಯ ಮುಖ್ಯಸ್ಥನ ಸ್ಥಾನವನ್ನು ಏರ್ ಚೀಫ್ ಮಾರ್ಷಲ್ ದರ್ಜೆಗೆ ಏರಿಸಿದ್ದರಿಂದ, ಆ ದರ್ಜೆಯನ್ನು ಪಡೆದ ಮೊದಲ ಭಾರತೀಯ ಅಧಿಕಾರಿ ಅವರಾದರು. ಇದು ವೈಯಕ್ತಿಕ ಬಡ್ತಿಗಿಂತ ದೊಡ್ಡ ಬದಲಾವಣೆ: ಅಲ್ಲಿಯವರೆಗೆ ಭೂಸೇನೆಯ ಮುಖ್ಯಸ್ಥ ಪೂರ್ಣ ಜನರಲ್ ಆಗಿರುತ್ತಿದ್ದರೆ ವಾಯುಪಡೆಯ ಮುಖ್ಯಸ್ಥ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಲೆಫ್ಟಿನೆಂಟ್ ಜನರಲ್‌ಗೆ ಸಮನಾದ ದರ್ಜೆಯಲ್ಲಿರುತ್ತಿದ್ದ. ಸಮಾಲೋಚನೆಯ ಮೇಜಿನ ಸುತ್ತ ಎರಡೂ ಪಡೆಗಳ ಮಾತಿಗೆ ಸಮಾನ ತೂಕ ಬರಲು ದರ್ಜೆಯ ಈ ಸಮಾನತೆ ಅಗತ್ಯವಾಗಿತ್ತು.

ಮುಂದಿನ ಮೂರು ವರ್ಷಗಳು ಪಡೆಯನ್ನು ಮರುಸಜ್ಜುಗೊಳಿಸುವುದರಲ್ಲಿ ಕಳೆದವು. ಸೋವಿಯತ್ ಒಕ್ಕೂಟದ ಮಿಗ್-21ಗಳ ಸಂಖ್ಯೆ ಹೆಚ್ಚಿತು. 1968ರಲ್ಲಿ ನೆಲದ ದಾಳಿಗೆ ತಕ್ಕ ಸುಖೋಯ್-7 ವಿಮಾನಗಳು ಬಂದವು. ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರ ಮಾರ್ಗದರ್ಶನದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡು 1961ರಲ್ಲಿ ಮೊದಲ ಹಾರಾಟ ನಡೆಸಿದ್ದ ಎಚ್‌ಎಫ್-24 ಮಾರುತ್, 1967ರಲ್ಲಿ ಹತ್ತನೇ ಸ್ಕ್ವಾಡ್ರನ್ನಿನ ವಿಮಾನವಾಗಿ ಬಳಕೆಗೆ ಬಂದಿತು. ವಾಯುಪಡೆಗೂ ಬೆಂಗಳೂರಿನ ಕಾರ್ಖಾನೆಗೂ ನಡುವಣ ಸಂಬಂಧ ಎಷ್ಟು ನಿಕಟವಾಗಿತ್ತೆಂದರೆ, 1969ರ ಜುಲೈಯಲ್ಲಿ ಅರ್ಜನ್ ಸಿಂಗ್ ನಿವೃತ್ತರಾದಾಗ ಅವರ ಸ್ಥಾನಕ್ಕೆ ಬಂದ ಪಿ.ಸಿ. ಲಾಲ್ ಅದಕ್ಕೆ ಮುನ್ನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯನ್ನು ಮುನ್ನಡೆಸುತ್ತಿದ್ದವರು. 1965ರ ಕೊರತೆಗಳನ್ನು ಒಳಗಿನಿಂದ ಕಂಡಿದ್ದ ಲಾಲ್, ಭೂಸೇನೆಯೊಂದಿಗಿನ ಜಂಟಿ ಯೋಜನೆಗೆ ಆದ್ಯತೆ ಕೊಟ್ಟರು. 1971ರ ಯುದ್ಧದಲ್ಲಿ ಅದರ ಫಲ ಕಾಣಿಸಿತು.

ಐವತ್ತನೆಯ ವಯಸ್ಸಿಗೆ ಸಮವಸ್ತ್ರ ಬಿಟ್ಟ ಅರ್ಜನ್ ಸಿಂಗ್ 1971ರಿಂದ ಸ್ವಿಟ್ಜರ್‌ಲೆಂಡಿನಲ್ಲಿ ರಾಯಭಾರಿಯಾಗಿ, 1974ರಿಂದ ಕೀನ್ಯಾದಲ್ಲಿ ಹೈಕಮಿಷನರ್ ಆಗಿ, ಬಳಿಕ ಅಲ್ಪಸಂಖ್ಯಾತರ ಆಯೋಗದ ಸದಸ್ಯರಾಗಿ, 1989–90ರಲ್ಲಿ ದೆಹಲಿಯ ಉಪರಾಜ್ಯಪಾಲರಾಗಿ ಕೆಲಸ ಮಾಡಿದರು. ತಮ್ಮ ಜಮೀನನ್ನು ಮಾರಿ ಬಂದ ಹಣದಲ್ಲಿ 2 ಕೋಟಿ ರೂಪಾಯಿಯನ್ನು ವಾಯುಪಡೆಯ ನಿವೃತ್ತ ಸಿಬ್ಬಂದಿಯ ನೆರವಿನ ನಿಧಿಗೆ ಕೊಟ್ಟರು. 2002ರ ಜನವರಿಯಲ್ಲಿ ಸರ್ಕಾರ ಅವರಿಗೆ ‘ಮಾರ್ಷಲ್ ಆಫ್ ದಿ ಇಂಡಿಯನ್ ಏರ್ ಫೋರ್ಸ್’ ಪದವಿ ನೀಡಿತು. ಇದು ಭೂಸೇನೆಯ ಫೀಲ್ಡ್ ಮಾರ್ಷಲ್ ಪದವಿಗೆ ಸಮ; ಈ ದರ್ಜೆಯವರು ಬದುಕಿರುವವರೆಗೂ ಸೇವೆಯಲ್ಲಿರುವವರೆಂದೇ ಪರಿಗಣಿತರಾಗುತ್ತಾರೆ. ಸ್ವತಂತ್ರ ಭಾರತದಲ್ಲಿ ಈ ಎತ್ತರ ತಲುಪಿದ ಇತರರು ಭೂಸೇನೆಯ ಸ್ಯಾಮ್ ಮಾಣೆಕ್‌ಷಾ ಮತ್ತು ಕೊಡಗಿನ ಕೆ.ಎಂ. ಕಾರ್ಯಪ್ಪ ಇಬ್ಬರೇ. 2016ರಲ್ಲಿ ಪಶ್ಚಿಮ ಬಂಗಾಳದ ಪಾನಾಗಢ ವಾಯುನೆಲೆಗೆ ಅರ್ಜನ್ ಸಿಂಗ್ ಅವರ ಹೆಸರಿಡಲಾಯಿತು. 2017ರ ಸೆಪ್ಟೆಂಬರ್ 16ರಂದು ದೆಹಲಿಯಲ್ಲಿ ಅವರು ನಿಧನರಾದರು.

ವಜೀರಿಸ್ತಾನ, ಇಂಫಾಲ ಮತ್ತು ಛಂಬ್, ಈ ಮೂರೂ ಕದನಗಳಲ್ಲಿ ಅರ್ಜನ್ ಸಿಂಗ್ ಅವರ ವಿಮಾನಗಳು ಮಾಡಿದ್ದು ಮೂಲತಃ ಒಂದೇ ಕೆಲಸ: ಸಂಕಟದಲ್ಲಿದ್ದ ನೆಲದ ಸೈನಿಕನಿಗೆ ಒದಗಿಬರುವುದು. ಆ ಕೆಲಸದಲ್ಲಿ ಅವರ ಪೀಳಿಗೆಯನ್ನು ಮೀರಿಸಿದವರು ವಿರಳ. ವಾಯುಪಡೆಗೆ ತನ್ನದೇ ಗುರಿಗಳೂ ಜಂಟಿ ಯೋಜನೆಯಲ್ಲಿ ಸಮಪಾಲೂ ಬೇಕೆಂಬ ಮುಂದಿನ ಪಾಠವನ್ನು ಆ ಪೀಳಿಗೆ ನಷ್ಟ ಅನುಭವಿಸಿಯೇ ಕಲಿಯಬೇಕಾಯಿತು. ಆದ್ದರಿಂದ ಅವರ ಸೇವೆಯನ್ನು 1965ರ ಗೆಲುವು ಸೋಲುಗಳ ಲೆಕ್ಕಕ್ಕೆ ಮಾತ್ರ ಸೀಮಿತಗೊಳಿಸುವುದು ಸರಿಯಲ್ಲ. ಸಹಾಯಕ ದಳವೊಂದನ್ನು ಸ್ವತಂತ್ರ ಪಡೆಯಾಗಿ ಬೆಳೆಸಿ, ಅದರ ಕೊರತೆಗಳನ್ನು ತಿದ್ದಬಲ್ಲ ಸ್ಥಿತಿಯಲ್ಲಿ ಮುಂದಿನವರ ಕೈಗೊಪ್ಪಿಸಿದ್ದೇ ಅವರ ಮೂವತ್ತು ವರ್ಷಗಳ ನಿಜವಾದ ಸಾಧನೆ.